ಕಾಗೆ ಮುಟ್ಟಿದ ಕ್ಯಾಸೆಟ್ಟು

"ಸಾರ್, ಎಲ್ಲ ದೀಪ ಆರಿಸಿಬಿಡಿ. ನಾವು ಕತ್ತಲಲ್ಲೇ ಹಾಡೋದು" ಎಂದ ಆ ಹುಡುಗ.

ಹೊರಗೆ ಹಾಸನದ ಬಿಸಿಲು ಚುರುಗುಟ್ಟುತ್ತಿತ್ತು. ಸ್ವಲ್ಪ ಹೊತ್ತಿನ ಮುಂಚೆಯಷ್ಟೇ ಅದೇ ಕೋಣೆಯಲ್ಲಿ ಹೆಂಗಸರ ಭಜನಾ ಮಂಡಳಿಯವರು ಲಕ್ಷ್ಮೀ ಪೂಜೆಯ ಹಾಡು ಮುಗಿಸಿ, ಪ್ರಸಾದ ಎಂದು ನನ್ನ ಕೈಗೆ ಬಾಳೆಹಣ್ಣು ಕೊಟ್ಟು ಹೋಗಿದ್ದರು. ಅದನ್ನು ಇನ್ನೂ ಸುಲಿದಿರಲಿಲ್ಲ. ಎದುರಿಗೆ ಮೂವರು ಗಂಡಸರು ನಿಂತಿದ್ದಾರೆ, ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ, ಕಣ್ಣಿಗೆ ಕಾಡಿಗೆ! ನಾನು ಮೊದಲೇ ಪುಕ್ಕಲು. "ಯಾವ ನಾಟಕದವರಪ್ಪ?" ಎಂದು ಕೇಳಿದೆ.

"ನಾಟಕ ಅಲ್ಲ ಸಾರ್, ಬ್ಯಾಂಡು. ಗಾಥಿಕ್ ರಾಕ್ ಅಂತ. ಸಾವು, ಕತ್ತಲೆ, ಪಾಳು ಗುಡಿ, ಅವುಗಳ ಸಂಗೀತ."

"ಪಾಳು ಗುಡಿ ನಮ್ಮ ಜಿಲ್ಲೆಯಲ್ಲಿ ಊರಿಗೊಂದಿದೆ. ಅದಕ್ಕೆ ಗಿಟಾರ್ ಯಾಕಯ್ಯ?" ಎಂದೆ. ಅವನು ನಕ್ಕ. ಕಾಡಿಗೆ ಹಚ್ಚಿದ ಕಣ್ಣಿನಲ್ಲಿ ಆ ನಗು ಎಷ್ಟು ಪಾಪದ್ದಾಗಿ ಕಂಡಿತೆಂದರೆ, ಬೈಯಲು ತೆರೆದ ಬಾಯಿಗೆ ಬಾಳೆಹಣ್ಣು ಸುಲಿದು ಹಾಕಿಕೊಂಡೆ.

ಧ್ವನಿಮುದ್ರಣದ ಕೆಲಸಕ್ಕೆ ಬರುವ ಹುಡುಗರು ಈಗಲೂ ನನ್ನನ್ನು ಹುಡುಕಿಕೊಂಡು ಬಂದು, ಯಾವ ಮೈಕು, ಯಾವ ಮೆಷಿನ್ನು ಎಂದು ಕೇಳುತ್ತಾರೆ. ಮೈಕು ಅಂಗಡಿಯಲ್ಲಿ ಸಿಗುತ್ತದೆ. ಅಂಗಡಿಯಲ್ಲಿ ಸಿಗದಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಹುಟ್ಟಿದ್ದು ರುದ್ರಪಟ್ಟಣದಲ್ಲಿ. ಆ ಊರಿನಲ್ಲಿ ಕೂಸು ಅತ್ತರೂ ಶ್ರುತಿಯಲ್ಲಿ ಅಳುತ್ತದೆ ಎನ್ನುತ್ತಾರೆ. ನಾನೊಬ್ಬ ಅದಕ್ಕೆ ಹೊರತು. ಹಾಡಲು ಬಾರದವನು ಹಾಡುವವರ ಮುಂದೆ ಮೈಕು ಇಡುವ ಕೆಲಸ ಹಿಡಿದೆ. ತೊಂಬತ್ತರ ದಶಕದಲ್ಲಿ ಹಾಸನದ ಪುಟ್ಟ ಸ್ಟುಡಿಯೋ ಒಂದಕ್ಕೆ ಸೇರಿದವನು, ಅದು ಬಾಗಿಲು ಮುಚ್ಚುವವರೆಗೂ ಅಲ್ಲೇ ಇದ್ದೆ.

ಸ್ಟುಡಿಯೋದ ಯಜಮಾನರು ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ. ಅಲ್ಲಿ ಅವರದೊಂದು ಕ್ಯಾಸೆಟ್ ಅಂಗಡಿಯೂ ಇತ್ತು. ಸಂಗೀತದ ಗಂಧಗಾಳಿ ಇಲ್ಲದ, ಆದರೆ ಮನಸ್ಸು ದೊಡ್ಡದಿದ್ದ ಮನುಷ್ಯ. ಕಪ್ಪು ಬಟ್ಟೆಯವರನ್ನು ನೋಡಿ ಅವರು ಕೇಳಿದ್ದು ಒಂದೇ ಮಾತು: "ಇವ್ರು ಸತ್ತೋರ ಮನೆಯಿಂದ ಬಂದವ್ರಾ, ಇಲ್ಲ ಓಗ್ತಾವ್ರಾ?"

ಆ ಬ್ಯಾಂಡಿನ ಹೆಸರು 'ಮಸಿಬಟ್ಟೆ'. ಬಿಸಿ ಪಾತ್ರೆ ಹಿಡಿಯುವ ಅಡುಗೆಮನೆಯ ಬಟ್ಟೆ ಇದೆಯಲ್ಲ, ಅದೇ. ಇವರ ವೇಷ ನೋಡಿ ಬಾಸ್ ಗಿಟಾರಿನ ಮಂಜನ ತಾಯಿ ಹಾಗೆಂದು ಬೈದಿದ್ದರಂತೆ, ಇವರು ಅದನ್ನೇ ಬಿರುದು ಮಾಡಿಕೊಂಡರು. ಮಂಜ ಅರಕಲಗೂಡಿನವನು, ಲೈನ್‌ಮನ್. ಡ್ರಮ್ಮಿನವರು ವರ್ಷಕ್ಕೊಬ್ಬರಂತೆ ಬದಲಾಗುತ್ತಿದ್ದರು. ಹಾಡುವವನು ವಾಸು. ಹೊಳೆನರಸೀಪುರದ ಒಂದು ದೇವಸ್ಥಾನದ ಅರ್ಚಕರ ಒಬ್ಬನೇ ಮಗ, ತಾಯಿ ಇಲ್ಲದವನು. ಇವತ್ತಲ್ಲ ನಾಳೆ ಆ ಗುಡಿಯ ಗಂಟೆ ಹಿಡಿಯಬೇಕಾದ ಕೈ ಗಿಟಾರ್ ಹಿಡಿದು ನನ್ನ ಮುಂದೆ ನಿಂತಿತ್ತು.

ಮೊದಲ ಕ್ಯಾಸೆಟ್ಟಿನ ಹೆಸರು 'ಕರೆಂಟ್ ಇಲ್ಲ'. ಲೈನ್‌ಮನ್ ಇರುವ ಬ್ಯಾಂಡಿಗೆ ಬೇರೆ ಯಾವ ಹೆಸರು ಒಪ್ಪೀತು! ಅದರಲ್ಲಿ ಇದ್ದದ್ದು ಡ್ರಮ್ಮಿನ ಬದಲು ಒಂದೇ ಸಮನೆ ಬಡಿಯುವ ರಿದಂ ಬಾಕ್ಸು ಯಂತ್ರ, ಮಂಜನ ಬಾಸು, ಹೊಟ್ಟೆಯ ಆಳದಿಂದ ಎಳೆದು ತೆಗೆದ ವಾಸುವಿನ ದನಿ. ಆ ದನಿಗೆ ಅವನು ಗುಹೆಯ ಗುಂಗು ಬೇಕೆಂದ. ನಮ್ಮ ಎಕೋ ಮೆಷಿನ್ನಿನಲ್ಲಿ ಬರುತ್ತಿದ್ದದ್ದು ಬಸ್ ಸ್ಟ್ಯಾಂಡಿನ ಮೈಕಿನಂಥ ಗುಂಗು.

"ಹಿತ್ತಲಲ್ಲಿ ಹೊಸಾ ಸಂಪು ಕಟ್ಟಿಸಿದ್ದಾರಲ್ಲ ಸಾರ್, ನೀರು ಬಿಟ್ಟಿಲ್ಲ ತಾನೆ?" ಎಂದು ಕೇಳಿದ ವಾಸು.

ನೀರಿನ ತೊಟ್ಟಿಯೊಳಗೆ ಇಳಿದು ಹಾಡುತ್ತಾನಂತೆ! ಬೇಡವೆಂದರೂ ಕೇಳದೆ ಏಣಿ ಇಟ್ಟು ಇಳಿದೇಬಿಟ್ಟ. ಹಿಂದಿನಿಂದ ಮೈಕಿನ ವೈರು ಬಿಟ್ಟೆ. ಹೆಡ್‌ಫೋನಿನಲ್ಲಿ ಬಂದ ದನಿ ಕೇಳಿ ನನ್ನ ತೋಳಿನ ಕೂದಲು ನೆಟ್ಟಗಾಯಿತು. ಕಾಂಕ್ರೀಟಿನ ನಾಲ್ಕು ಗೋಡೆಗೆ ಹೊಡೆದು ಹೊಡೆದು, ಭೂಮಿಯೇ ನರಳಿದ ಹಾಗೆ ಕೇಳುತ್ತಿತ್ತು. ಸರಿಯಾಗಿ ಅದೇ ಗಳಿಗೆಗೆ ಯಜಮಾನರು ಚನ್ನರಾಯಪಟ್ಟಣದಿಂದ ಬಂದಿಳಿದು, ಕೈಕಾಲು ತೊಳೆಯಲೆಂದು ಹಿತ್ತಲಿಗೆ ಹೋದರು.

"ಅಯ್ಯಯ್ಯಪ್ಪೋ! ಯಾವನೋ ಸಂಪಿಗೆ ಬಿದ್ಬುಟ್ಟವ್ನೆ! ಅಗ್ಗ ತಕ್ಕೊಂಡ್ ಬರ್ರೋ!"

ಆ ಕೂಗು ಆ ಹಾಡಿನ ನಡುವೆ ಈಗಲೂ ಸಣ್ಣಗೆ ಇದೆ. ತೆಗೆಯಲು ವಾಸು ಬಿಡಲಿಲ್ಲ. "ಭಯ ಅಂದ್ರೆ ಇದು ಸಾರ್. ನಾನು ಹಾಡಿದ್ದು ಬರೀ ನಟನೆ" ಎಂದ. ಅವತ್ತು ಅವನು ಆಡಿದ್ದು ತಮಾಷೆಗೆಂದು ನಾನು ತಿಳಿದಿದ್ದೆ.

ಎರಡನೆಯ ಕ್ಯಾಸೆಟ್ಟು 'ಗೂಬೆ ಮನೆ' ಬರುವ ಹೊತ್ತಿಗೆ ಸದ್ದು ಬದಲಾಗಿತ್ತು. ಕೀಬೋರ್ಡು ಬಂದು ಚರ್ಚಿನ ಆರ್ಗನ್ನಿನಂಥ ನಾದ ಸೇರಿತು. ಹಾಡುಗಳು ಉದ್ದವಾದವು, ನಿಧಾನವಾದವು. ಹಾಸನದ ಕಾಲೇಜು ಹುಡುಗರು ಅದನ್ನು ಕೈಯಿಂದ ಕೈಗೆ ಹಂಚಿಕೊಂಡು ಕೇಳಿದರು. ವಾಸುವಿನ ಫೋಟೋ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಬಂತು, ಕಾಡಿಗೆಯ ಸಮೇತ. ಆ ಹೊದಿಕೆ ಹೊಳೆನರಸೀಪುರಕ್ಕೂ ತಲುಪಿತು.

ಅರ್ಚಕರು ಬಂದರು. ತೆಳ್ಳಗಿನ ಎತ್ತರದ ಜೀವ, ಕಚ್ಚೆಪಂಚೆ, ಹೆಗಲ ಮೇಲೊಂದು ಶಲ್ಯ. ನನ್ನ ಮೇಲೆ ರೇಗಲಿಲ್ಲ. ನಾನು ಕೊಟ್ಟ ಕುರ್ಚಿಯಲ್ಲಿ ಕೂರಲೂ ಇಲ್ಲ. ಮಗನ ಎದುರು ನಿಂತು, "ಮನೆಗೆ ಬರ್ತೀಯೋ ಇಲ್ವೋ?" ಎಂದು ಕೇಳಿದರು.

"ಇದನ್ನ ಬಿಟ್ಟು ಬರಕ್ಕಾಗಲ್ಲ ಅಣ್ಣ" ಎಂದ ವಾಸು. ಹಳೇ ಮನೆತನಗಳ ವಾಡಿಕೆಯಂತೆ ಅವನು ತಂದೆಯನ್ನು ಅಣ್ಣ ಎಂದೇ ಕರೆಯುತ್ತಿದ್ದ.

"ದೇವರ ಎದುರು ನಿಲ್ಲಬೇಕಾದೋನು ಹೆಣದ ಹಾಡು ಹಾಡ್ತೀನಿ ಅಂತೀಯಾ. ಹಾಡು. ನನ್ನ ಪಾಲಿಗೆ ನೀನು ಸತ್ತೆ." ಅಷ್ಟು ಹೇಳಿ ಮೆಟ್ಟಿಲಿಳಿದು ಹೋಗಿಬಿಟ್ಟರು. ಬೈದಿದ್ದರೆ, ಹೊಡೆದಿದ್ದರೆ ಸಮಾಧಾನ ಮಾಡಬಹುದಿತ್ತು. ಅಷ್ಟು ತಣ್ಣಗೆ ಆಡಿದ ಮಾತಿಗೆ ಏನು ಮಾಡುವುದು? ಅಲ್ಲಿಂದ ಅಪ್ಪನಿಗೂ ಮಗನಿಗೂ ಮಾತು ನಿಂತುಹೋಯಿತು.

ವರ್ಷಗಳು ಕಳೆದವು. ಕ್ಯಾಸೆಟ್ಟಿನ ಕಾಲ ಮುಗಿಯುತ್ತ ಬಂದಿತ್ತು. ಅಂಥದ್ದರಲ್ಲಿ ಮೂರನೆಯದು ಮಾಡುತ್ತೇವೆಂದು ಬಂದರು. ಈ ಸಲ ಕೀಬೋರ್ಡು ಬೇಡವಂತೆ. ತಮಟೆ ಬೇಕು, ಹಾರ್ಮೋನಿಯಂ ಶ್ರುತಿ ಬೇಕು, ಕೊನೆಯ ಹಾಡಿಗೆ ಹೆಂಗಸೊಬ್ಬರು ಅಳಬೇಕು, ಸತ್ತ ಮನೆಯಲ್ಲಿ ಹೇಳಿಕೊಂಡು ಅಳುತ್ತಾರಲ್ಲ, ಹಾಗೆ.

ಮಂಜ ತನ್ನ ಹೆಂಡತಿಯ ಊರಾದ ಮಲ್ಲಿಪಟ್ಟಣದಿಂದ ಪುಟ್ಟಮ್ಮನವರನ್ನು ಕರೆತಂದ. ಸುತ್ತಮುತ್ತ ಯಾರು ಸತ್ತರೂ ಈಕೆ ಹೋಗಿ ಅತ್ತರೇ ಅಳು ತುಂಬುವುದು ಎಂಬಷ್ಟು ಹೆಸರು. ಹೊಲದ ಕೆಲಸ ಬಿಟ್ಟು ಬಂದಿದ್ದರು. ಮೈಕಿನ ಮುಂದೆ ಚಾಪೆಯ ಮೇಲೆ ಕೂತು ಕೋಣೆಯ ಸುತ್ತ ನೋಡಿ, "ಎಣ ಎಲ್ಲಿ?" ಎಂದರು.

"ಎಣ ಇಲ್ಲ ಕಣತ್ತೆ. ಸುಮ್ಕೆ ಅಳೋದು. ರೆಕಾರ್ಡಿಂಗು" ಎಂದ ಮಂಜ.

"ಏನ್ಲಾ ಅಂಗಂದ್ರೆ? ಸತ್ತೋರು ಯಾರು ಅಂತ ಗೊತ್ತಿಲ್ದೆ ಎಸ್ರು ಇಡ್ಕೊಂಡು ಎಂಗ್ಲಾ ಅಳಾದು? ಬರಿದೇ ಅತ್ರೆ ನನ್ ಮನೆಗೇ ಒಡೀತದೆ ಕಣ್ಲಾ. ನಾನ್ ಓಯ್ತೀನಿ, ಬಸ್ ಅತ್ಸು."

ಆಗ ವಾಸು ಅವರ ಮುಂದೆ ಕೂತ. "ಸತ್ತೋನು ನಾನೇ ಅಮ್ಮ. ನಮ್ಮಪ್ಪ ಸತ್ತೆ ಅಂದ್ರು. ಅಳೋರು ಯಾರೂ ಇಲ್ಲ. ನೀವಾದ್ರೂ ಅಳಿ" ಎಂದ. ಇಷ್ಟು ವರ್ಷ ಇವನ ಸಾವಿನ ಹಾಡೆಲ್ಲ ಹುಡುಗಾಟ ಎಂದುಕೊಂಡಿದ್ದೆನಲ್ಲ!

ಪುಟ್ಟಮ್ಮ ಏಳಲು ಹೊರಟವರು ಮತ್ತೆ ಚಾಪೆಯ ಮೇಲೆ ಕೂತರು. "ಬದ್ಕಿರೋರ್ಗೆ ಅಳೋಕೆ ಒಂದೇ ದಾರಿ ಇರಾದು. ಕಾಗೆ ಮುಟ್ಟಿರ್ಬೇಕು."

ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಸಂಗತಿ. ಕಾಗೆ ಬಂದು ತಲೆಗೆ ಬಡಿದರೆ ಸಾವಿನ ಸೂಚನೆ. ಅದನ್ನು ಕಳೆಯಲು, ಮುಟ್ಟಿಸಿಕೊಂಡವನು ಸತ್ತನೆಂದು ನೆಂಟರಿಗೆ ಸುಳ್ಳುಸುದ್ದಿ ಕಳಿಸುತ್ತಾರೆ. ಅವರು ಒಂದು ಸಲ ನಿಜವಾಗಿ ಅತ್ತುಬಿಟ್ಟರೆ ದೋಷ ತೊಲಗಿ ಆಯುಸ್ಸು ಗಟ್ಟಿಯಾಗುತ್ತದೆ.

"ಮುಟ್ಟಿದೆ ಅಂತ ಅಂದ್ಕೊಳ್ಳಿ" ಎಂದ ವಾಸು.

"ಅಂದ್ಕೊಳ್ಳಾದಲ್ಲ ಕಣಪ್ಪ, ನೀನೇ ಬಾಯ್ಬುಟ್ಟು ಏಳ್ಬೇಕು."

"ಮುಟ್ಟಿದೆ."

"ಅಳ್ತೀನಿ. ಆದ್ರೆ ಒಂದ್ ಮಾತು. ನಾನ್ ಅತ್ರೆ ದೋಸ ಓಗಕ್ಕಿಲ್ಲ. ಒಡ ಉಟ್ದೋರು, ಎತ್ತೋರು ಅಳ್ಬೇಕು" ಎಂದು ಅವನ ಹೆಸರು, ಊರು, ಮನೆತನ ಕೇಳಿಕೊಂಡು, ಸೆರಗನ್ನು ಬಾಯಿಗಿಟ್ಟುಕೊಂಡು ಶುರು ಮಾಡಿದರು.

"ಒಳೆನರಸೀಪುರದ ಪೂಜಾರಪ್ಪನ ಮಗನೇ, ನನ್ನಪ್ಪಾ ವಾಸೂ... ಆರತಿ ಇಡಿಯೋ ಕೈ ಮಣ್ಣಾಯ್ತಲ್ಲೋ... ಎತ್ತಪ್ಪನ ಎದೆಗೆ ಕೊಳ್ಳಿ ಇಟ್ಬುಟ್ಟು ಓದೆಯಲ್ಲೋ..." ಅಪ್ಪಾ, ಆ ದನಿ! ಹಿಂದೆ ತಮಟೆ ಸಣ್ಣಗೆ ಬಡಿಯುತ್ತಿತ್ತು. ಮಂಜ ಬಾಸು ನುಡಿಸುವುದನ್ನೇ ಮರೆತ. ನಾನಂತೂ ಗಾಜಿನ ಈಚೆ ಕೂತು ಗಳಗಳ ಅತ್ತೆ. ಮುಗಿದ ಮೇಲೆ ಆಕೆ ಕಣ್ಣೊರೆಸಿಕೊಂಡು ಕಾಫಿ ಕುಡಿದು, ಗದ್ದೆಗೆ ನೀರು ಕಟ್ಟಬೇಕೆಂದು ಎದ್ದು ಹೋದರು.

ಆ ಕ್ಯಾಸೆಟ್ಟಿನ ಹೆಸರು 'ಕಾಗೆ ಮುಟ್ಟಿದವನು'. ಮಸಿಬಟ್ಟೆಯವರ ಕೆಲಸದಲ್ಲೆಲ್ಲ ಅದೇ ಮೇಲು ಎಂದು ಈಗಲೂ ಹೇಳುತ್ತೇನೆ. ಆದರೆ ಮಾರಾಟವಾಗಲಿಲ್ಲ. ಹೆಣದ ಅಳುವನ್ನು ಯಾರು ಮನೆಗೆ ತರುತ್ತಾರೆ? ಅಂಗಡಿಗಳಿಂದ ಒಂದೊಂದಾಗಿ ವಾಪಸು ಬಂದು, ಯಜಮಾನರ ಉಗ್ರಾಣದಲ್ಲಿ ಕೊಬ್ಬರಿ ಮೂಟೆಗಳ ಪಕ್ಕ ರಾಶಿ ಬಿದ್ದವು.

ಯಜಮಾನರು ಎಂದೂ ಏನನ್ನೂ ಬಿಸಾಡಿದವರಲ್ಲ. "ತೆಂಗಿನಕಾಯಿ ಚಿಪ್ಪು ಬಿಸಾಕ್ತೀವಾ? ಒಲೆಗಾಯ್ತದೆ. ಇದ್ರ ಮ್ಯಾಲೆ ಸುಪ್ರಭಾತ ಆಕುಸ್ತೀನಿ" ಎಂದರು. ಕ್ಯಾಸೆಟ್ಟಿನ ತಲೆಯ ಮೇಲಿನ ತೂತಿಗೆ ಟೇಪು ಅಂಟಿಸಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಮಾಡಬಹುದು. ಮೊದಲು ಪೂರ್ತಿ ಖಾಲಿ ಮಾಡಿಕೊಳ್ಳಿ ಎಂದು ನಾನು ಬಡಕೊಂಡೆ.

"ಆಡಿನ್ ಮ್ಯಾಲೆ ಆಡು ಬಿದ್ರೆ ಕೆಳ್ಗಿಂದು ತಾನೇ ಸಾಯ್ತದೆ ಬುಡಿ" ಎಂದುಬಿಟ್ಟರು. ಅದು ನಿಜ. ಮೇಲಿನ ಹಾಡು ಎಷ್ಟು ಉದ್ದವೋ ಅಷ್ಟಕ್ಕೆ ಮಾತ್ರ ನಿಜ. ಸುಪ್ರಭಾತ ಚಿಕ್ಕದು, ಕ್ಯಾಸೆಟ್ಟು ದೊಡ್ಡದು. ಸುಪ್ರಭಾತದ ಕೊನೆಯ ಮಂಗಳದ ಆಚೆಗೆ ಏನುಳಿದಿದೆ ಎಂದು ಅವರು ಕೇಳಿ ನೋಡಲಿಲ್ಲ. ಪುಣ್ಯ ಬರಲಿ ಎಂದು ಸುತ್ತಮುತ್ತಲ ದೇವಸ್ಥಾನಗಳಿಗೆ ಒಂದೊಂದು ಕೊಟ್ಟೂಬಿಟ್ಟರು.

ಮುಂದಿನದು ಹೊಳೆನರಸೀಪುರದವರ ಬಾಯಲ್ಲಿ ಕೇಳಿದ್ದು. ಬೆಳಿಗ್ಗೆ ಅರ್ಚಕರು ಹೊಸ ಕ್ಯಾಸೆಟ್ಟು ಹಾಕಿ ಗರ್ಭಗುಡಿಗೆ ಹೋಗಿ ಅಭಿಷೇಕಕ್ಕೆ ಕೂತಿದ್ದರು. ಗೋಪುರದ ಮೇಲಿನ ಲೌಡ್‌ಸ್ಪೀಕರಿನಲ್ಲಿ ಸುಪ್ರಭಾತ ಮುಗಿಯಿತು. ಸ್ವಲ್ಪ ಹೊತ್ತು ಗರಗರ ಸದ್ದು. ಆಮೇಲೆ ಊರಿಗೆಲ್ಲ ಕೇಳುವ ಹಾಗೆ ಒಬ್ಬ ಹೆಂಗಸಿನ ಗೋಳು: ಪೂಜಾರಪ್ಪನ ಮಗನೇ, ನನ್ನಪ್ಪಾ ವಾಸೂ!

ಯಾರೋ ನೆಂಟರ ಹೆಂಗಸು ಸುದ್ದಿ ತಂದು, ಗುಡಿಯ ಮೈಕಿನ ಮುಂದೆಯೇ ಬಿದ್ದು ಅಳುತ್ತಿದ್ದಾಳೆ ಎಂದು ಕೇಳಿದವರೆಲ್ಲ ನಂಬಿದರು. ಬೀದಿಯ ಹೆಂಗಸರು ರಂಗೋಲಿ ಬಿಟ್ಟು ಓಡಿಬಂದರು. ಅರ್ಚಕರು ಹೊರಗೆ ಬರುವಷ್ಟರಲ್ಲಿ ಕ್ಯಾಸೆಟ್ಟು ಮುಗಿದು ಟಕ್ಕೆಂದು ನಿಂತಿತ್ತು. ಮೈಕಿನ ಹತ್ತಿರ ಯಾರೂ ಇರಲಿಲ್ಲ. ಬಾಗಿಲಲ್ಲಿ ಊರಿಗೆ ಊರೇ ಕಣ್ಣೀರಿಡುತ್ತ ನಿಂತಿತ್ತು. ಸ್ಟುಡಿಯೋಗೆ ಫೋನ್ ಮಾಡಿಸಿದರು, ಎಂಗೇಜು. ಮತ್ತೆ ಮಾಡಿಸಿದರು, ಮತ್ತೆ ಎಂಗೇಜು. ಜನ ಅದನ್ನೂ ಸಾವಿನ ಮನೆಯ ಗಡಿಬಿಡಿ ಎಂದೇ ತಿಳಿದರು.

ನಿಜ ಏನೆಂದರೆ, ಮುದ್ರಣ ನಡೆಯುವಾಗ ಗಂಟೆ ಬಾರಿಸದಿರಲೆಂದು ರಿಸೀವರನ್ನು ತೆಗೆದು ಪಕ್ಕಕ್ಕಿಡುವುದು ನಮ್ಮ ಪದ್ಧತಿ. ಆ ದಿನ ಮಸಿಬಟ್ಟೆಯ ನಾಲ್ಕನೆಯದು, ಮೊದಲ ಸಿಡಿ, ಶುರುವಾಗಿತ್ತು. ಮಂಜನಿಗೆ ಮಧ್ಯಾಹ್ನದ ಡ್ಯೂಟಿ ಇದ್ದದ್ದರಿಂದ ಬೆಳಿಗ್ಗೆ ಬೇಗ ಸೇರಿದ್ದೆವು. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು, ಟೇಪಿನ ಸ್ಪೂಲು ತಿರುಗುತ್ತಿತ್ತು. ವಾಸು ಹಾಡಿನ ಮೊದಲ ಸಾಲಿಗೆ ಬಾಯಿ ತೆರೆದಿದ್ದ.

ಬಾಗಿಲು ದಡಾರೆಂದು ತೆರೆಯಿತು. ಅರ್ಚಕರು! ಅಭಿಷೇಕದ ಒದ್ದೆ ಪಂಚೆ ಮೈಮೇಲೇ ಒಣಗಿತ್ತು, ಬರಿಗಾಲು, ಶಲ್ಯವಿಲ್ಲ. ಅಭಿಷೇಕವನ್ನು ಎಂದೂ ಅರ್ಧಕ್ಕೆ ಬಿಡದ ಮನುಷ್ಯ ಬಟ್ಟಲು ಅಲ್ಲೇ ಇಟ್ಟು ಬಸ್ಸು ಹತ್ತಿದ್ದರು. ಕಪ್ಪು ಬಟ್ಟೆಯಲ್ಲಿ ನಿಂತ ಮಗನನ್ನು ಕಂಡರು.

"ಬದುಕಿದ್ದೀಯೇನೋ ಮುಂಡೇದೇ!"

ಆ ಕೂಗಿನ ಹಿಂದೆಯೇ ಅಳು ಬಂತು. ಮಗನ ಅಂಗಿಯ ಕಾಲರು ಹಿಡಿದು, ಅದಕ್ಕೇ ಮುಖ ಒತ್ತಿ, ಆ ಎತ್ತರದ ಜೀವ ಗೊಳೋ ಎಂದು ಅತ್ತಿತು. ವಾಸು ಮರದ ಕೊರಡಿನಂತೆ ನಿಂತಿದ್ದ. ನಾನು ಮೆಷಿನ್ ನಿಲ್ಲಿಸಬೇಕಿತ್ತು. ಬೆರಳೇ ಏಳಲಿಲ್ಲ.

ಕೊನೆಗೆ ಬಾಯಿ ಬಿಟ್ಟವನು ಮಂಜ. "ಕಾಗೆ ಮುಟ್ಟಿತ್ತು ಸ್ವಾಮಿ. ಅದ್ಕೆ ಅಳ್ಸಿದ್ದು. ಗುಡೀಗೆ ಎಂಗೆ ಬಂತೋ ದೇವ್ರಾಣೆ ಗೊತ್ತಿಲ್ಲ" ಎಂದು ತೊದಲುತ್ತ ಪುಟ್ಟಮ್ಮನ ಕತೆಯನ್ನೆಲ್ಲ ಹೇಳಿದ. ಮಿಕ್ಕದ್ದನ್ನು ನಾನು ಸೇರಿಸಿದೆ. ಇನ್ನು ಸ್ಟುಡಿಯೋ ಬೆಂಕಿಗೆ ಬಿತ್ತು ಎಂದುಕೊಂಡೆ.

ಅರ್ಚಕರು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು ಯೋಚಿಸಿದರು. "ಹಾಗಾದ್ರೆ ಸರಿ ಹೋಯ್ತು. ಹೆತ್ತೋನು ಅತ್ತಾಯ್ತಲ್ಲ, ದೋಷ ಕಳೀತು. ಊರಲ್ಲೂ ಹಾಗೇ ಹೇಳ್ತೀನಿ" ಎಂದರು.

"ಸಾರ್, ಟೇಪು ಓಡ್ತಾ ಇದೆ. ಅಷ್ಟನ್ನ ತೆಗೆದುಬಿಡಿ" ಎಂದ ವಾಸು. ಅವತ್ತು ಅವನಾಡಿದ ಮೊದಲ ಮಾತು ಅದು, ಅದೂ ನನ್ನ ಹತ್ತಿರ. ಗುಂಗಿಗಾಗಿ ಸಂಪಿಗೆ ಇಳಿದವನು, ನಿಜವಾದ ಅಳುವಿಗಾಗಿ ಮಲ್ಲಿಪಟ್ಟಣದವರೆಗೆ ಜನ ಕಳಿಸಿದವನು, ಕೈಗೆ ಸಿಕ್ಕಿದ್ದನ್ನು ತೆಗೆಯಿರಿ ಎನ್ನುತ್ತಿದ್ದ!

"ಏನದು? ನಾನು ಅತ್ತಿದ್ದಾ?" ಎಂದರು ಅರ್ಚಕರು. "ಇರಲಿ ಬಿಡಿ. ನಾನು ಹೋದಾಗ ಇವನು ಹಾಕ್ಕೊಂಡು ಕೇಳಲಿ, ಅಳೋದು ಹೇಗೆ ಅಂತ ಕಲೀತಾನೆ. ಆ ಎರಡು ಕ್ಯಾಸೆಟ್ಟಲ್ಲೂ ಒಂದು ಕಡೆನೂ ಬಂದಿಲ್ಲ. ಬರೀ ಗಂಟಲು ಕೆರ್ಕೊಂಡಿದಾನೆ."

"ನೀವು ಕೇಳಿದ್ದೀರಾ?" ನಾನೂ ಮಂಜನೂ ಒಟ್ಟಿಗೇ ಕೇಳಿದೆವು.

"ಕೇಳದೆ ಬೈಯಕ್ಕಾಗುತ್ತಾ? ಮೂರನೇದು ತಗೊಳ್ಳೋಣ ಅಂತ ಅಂಗಡಿಗೆ ಹೋದೆ. ವಾಪಸ್ ಕಳ್ಸಿದೀವಿ ಅಂದ್ರು."

ವಾಸು ಗೋಡೆಗೊರಗಿ ಕೆಳಗೆ ಕೂತುಬಿಟ್ಟ.

ಸಿಡಿ ಆರು ತಿಂಗಳು ತಡವಾಗಿ ಬಂತು. ಹೆಸರು 'ಬೆಳಗಿನ ಜಾವ'. ಮೊದಲಿನಿಂದ ಕೇಳುತ್ತ ಬಂದವರಿಗೆ ಅದೊಂದು ಆಘಾತ. ಗುಂಗಿಲ್ಲ, ತಮಟೆಯಿಲ್ಲ, ಹೊಟ್ಟೆಯಿಂದ ಎಳೆದ ದನಿಯಿಲ್ಲ. ಬಾಸು, ಒಂದು ಗಿಟಾರು, ವಾಸುವಿನ ಸ್ವಂತ ತೆಳು ಗಂಟಲು. ಮಸಿಬಟ್ಟೆ ಕೆಟ್ಟುಹೋಯಿತು ಎಂದು ಕಾಲೇಜು ಹುಡುಗರು ಹಳಹಳಿಸಿದರು. ಎಲ್ಲಕ್ಕಿಂತ ಭಯ ಹುಟ್ಟಿಸುವ ಹಾಡುಗಳು ಅವೇ ಎಂದು ನನಗನ್ನಿಸಿತು. ವಾಸು ಗಂಟೆ ಹಿಡಿಯಲಿಲ್ಲ, ಬ್ಯಾಂಡು ಬಿಡಲಿಲ್ಲ. ಹಬ್ಬಕ್ಕೆ ಮನೆಗೆ ಹೋಗಿ ಬರುತ್ತಿದ್ದ. ಅಪ್ಪನ ಆ ಕೂಗಿಗೆ ಮಾತ್ರ ಅವನು ಉತ್ತರ ಕೊಟ್ಟಿರಲಿಲ್ಲ, ಅವರೂ ಕೇಳಿರಲಿಲ್ಲ. ಅಪ್ಪ ಮಕ್ಕಳ ಮಾತು ಊಟ, ಬಸ್ಸು, ಮಂಡಿನೋವು ದಾಟುತ್ತಿರಲಿಲ್ಲ ಎಂದು ಮಂಜ ಹೇಳುತ್ತಿದ್ದ.

ಸ್ಟುಡಿಯೋಗೆ ಕಂಪ್ಯೂಟರ್ ಬಂದು ಸ್ಪೂಲು ಮೆಷಿನ್ನು ಮೂಲೆ ಸೇರಿತ್ತು. ಅಂಥ ಒಂದು ದಿನ ತಲೆ ಬೋಳಿಸಿದ, ಬಿಳಿ ಪಂಚೆಯುಟ್ಟ ಒಬ್ಬರು ಬಾಗಿಲಲ್ಲಿ ನಿಂತರು. ಗುರುತು ಸಿಗದೆ, "ಯಾರು ಬೇಕಿತ್ತು ಸ್ವಾಮಿ?" ಎಂದೆ.

"ನಾನು ಸಾರ್, ವಾಸು. ಅಣ್ಣ ಹೋದ್ರು. ವೈಕುಂಠ ಸಮಾರಾಧನೆ ಮುಗಿಸಿ ಬಂದೆ."

ಅಷ್ಟು ವರ್ಷದಲ್ಲಿ ಅವನನ್ನು ಬಿಳಿ ಬಟ್ಟೆಯಲ್ಲಿ ಕಂಡದ್ದು ಅವತ್ತೇ. ಏಕೆ ಬಂದನೆಂದು ಗೊತ್ತಿತ್ತು. ಮೆಷಿನ್ನಿನ ಧೂಳು ಹೊಡೆದು, ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಆ ಸ್ಪೂಲು ಏರಿಸಿದೆ. ಅವನು ಹಾಡುವ ಕೋಣೆಯೊಳಗೆ ಹೋಗಿ, ಅವತ್ತು ನಿಂತಿದ್ದ ಜಾಗದಲ್ಲೇ ನಿಂತ. ಮೊದಲ ದಿನದಂತೆ ದೀಪ ಆರಿಸಬೇಕೇ ಎಂದು ಕೇಳಿದೆ. ಬೇಡವೆಂದು ಕೈ ಆಡಿಸಿದ.

ಬಾಗಿಲು ದಡಾರೆಂದ ಸದ್ದು. ಬರಿಗಾಲಿನ ಸಪ್ಪಳ.

"ಬದುಕಿದ್ದೀಯೇನೋ ಮುಂಡೇದೇ!"

"ಇದ್ದೀನಿ ಅಣ್ಣ" ಎಂದ ವಾಸು.